ಭೂತಾನದ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆಯ ವಿನಾಯಿತಿ ಏಕೆ? ತರುವವರಿಗೂ ಅಲ್ಲಿಗೆ ಹೋಗುವವರಿಗೂ ಯಾವ ಪರವಾನಗಿ ಬೇಕು?

ಸೋಗೆಮನೆ, ಸಿದ್ದಾಪುರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ಎಕರೆ ಅಡಿಕೆ ತೋಟದ ಬೆಳೆಗಾರ. ಅದರ ಜೊತೆಗೆ ಊರಿನ ಆರು ಜನ ಸೇರಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಸಣ್ಣ ಘಟಕವನ್ನೂ ನಡೆಸುತ್ತಿದ್ದೇವೆ. ಬೆಳೆಗಾರನಾಗಿ ಒಂದು ಸಂಶಯ, ಯಂತ್ರ ಮಾರುವವನಾಗಿ ಇನ್ನೊಂದು ಆಸೆ, ಎರಡೂ ಒಂದೇ ದೇಶಕ್ಕೆ ಸಂಬಂಧಿಸಿದ್ದರಿಂದ ಒಟ್ಟಿಗೇ ಕೇಳುತ್ತಿದ್ದೇನೆ.

ಮೊದಲನೆಯದು: 2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರವು ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ, ಅಂದರೆ ಇಷ್ಟಕ್ಕಿಂತ ಅಗ್ಗದ ಸರಕು ತರಬಾರದೆಂಬ, ನಿರ್ಬಂಧವಿಲ್ಲದೆ ತರಲು ಅವಕಾಶ ಕೊಟ್ಟಿತು. ಆಗ ನಮ್ಮ ಕಡೆ ಸಭೆಗಳಾದವು, ಮನವಿಗಳು ಹೋದವು, ಆಮೇಲೆ ಮಾತು ತಣ್ಣಗಾಯಿತು. ಉಳಿದ ದೇಶಗಳಿಗೆಲ್ಲ ಇರುವ ಬೆಲೆಯ ಬೇಲಿ ಈ ಒಂದು ದೇಶಕ್ಕೆ ಮಾತ್ರ ಏಕಿಲ್ಲ ಎಂಬುದಕ್ಕೆ ಸಮಾಧಾನಕರ ಉತ್ತರವನ್ನು ನಾನು ಇನ್ನೂ ಕೇಳಿಲ್ಲ. ‘ಸ್ನೇಹ ಸಂಬಂಧ’ ಎಂದು ಎಲ್ಲರೂ ಹೇಳುತ್ತಾರೆ. ಸ್ನೇಹದ ಖರ್ಚನ್ನು ತೋಟದವನೇ ಏಕೆ ಕೊಡಬೇಕು ಎಂದು ಕೇಳಿದರೆ ಯಾರೂ ಮಾತಾಡುವುದಿಲ್ಲ.

ಎರಡನೆಯದು: ಹೀಗೆ ತರುವವನಿಗೆ ಯಾವ ಯಾವ ಪರವಾನಗಿಗಳು ಬೇಕು? ಯಾವ ವ್ಯಾಪಾರಿ ಬೇಕಾದರೂ ಲಾರಿ ತೆಗೆದುಕೊಂಡು ಹೋಗಿ ತುಂಬಿಸಿಕೊಂಡು ಬರಬಹುದೇ? ಹಸಿ ಎಂದು ಬರೆಸಿ ಒಣ ಅಡಿಕೆ ತರದಂತೆ ತಡೆಯುವವರು ಯಾರು?

ಮೂರನೆಯದು ನಮ್ಮ ಸ್ವಾರ್ಥದ್ದು. ದಕ್ಷಿಣ ಭೂತಾನದಲ್ಲಿ ಅಡಿಕೆ ಇದೆ ಎಂದಮೇಲೆ ಸುಲಿಯುವ ಕಷ್ಟವೂ ಇರಲೇಬೇಕು. ನಮ್ಮಲ್ಲಿ ಇಬ್ಬರು ಅಲ್ಲಿಗೆ ಹೋಗಿ ನೋಡಿಬರುವುದಕ್ಕೆ, ಸಾಧ್ಯವಾದರೆ ಎರಡು ಯಂತ್ರಗಳನ್ನು ಮಾರುವುದಕ್ಕೆ ಏನು ಕ್ರಮ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.


ಬಂದರುರಸ್ತೆ, ಮಂಗಳೂರು

ಮಾನ್ಯರೇ, ನಾನು ಕಸ್ಟಮ್ಸ್ ಏಜೆಂಟರ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು, ಅದರಲ್ಲಿ ಐದು ವರ್ಷ ಸಿಲಿಗುರಿಯಲ್ಲಿದ್ದೆ. ನಿಮ್ಮ ಮೊದಲೆರಡು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ. ಮೂರನೆಯದನ್ನು ಭೂತಾನದ ಒಳಗೆ ಇದ್ದವರು ಹೇಳಿದರೆ ಚೆನ್ನ.

ಕನಿಷ್ಠ ಆಮದು ಬೆಲೆ ಏಕೆ ಹುಟ್ಟಿತು ಎಂಬುದನ್ನು ಮೊದಲು ನೋಡಬೇಕು. ಅಡಿಕೆಯ ಮೇಲೆ ಮೂಲ ಸೀಮಾ ಸುಂಕವೇ ಶೇ 100. ತಂದವನು ಸರಕಿಗೆ ಲೆಕ್ಕಹಾಕಿದ ಮೌಲ್ಯದಷ್ಟೇ ಹಣವನ್ನು ಸುಂಕವಾಗಿಯೇ ಕಟ್ಟಬೇಕು, ಅದರ ಮೇಲಿನ ಸಣ್ಣಪುಟ್ಟ ತೆರಿಗೆಗಳು ಬೇರೆ. ಹೀಗಿರುವಾಗ ನೇರ ದಾರಿಯಲ್ಲಿ ಅಡಿಕೆ ತರುವವನಿಗೆ ಕೈಯಲ್ಲಿ ಉಳಿಯುವುದು ಕಡಿಮೆ. ಆದರೆ ನಮ್ಮ ಅಕ್ಕಪಕ್ಕದ ದೇಶಗಳಿಗೆ ಸುಂಕವಿಲ್ಲದ ಬಾಗಿಲುಗಳಿವೆ: ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾದಡಿ ಅತಿ ಕಡಿಮೆ ಅಭಿವೃದ್ಧಿ ಹೊಂದಿದ ದೇಶಗಳೆಂದು ಗುರುತಿಸಲ್ಪಟ್ಟವಕ್ಕೆ ಒಂದು, 2000ದ ಮಾರ್ಚ್‌ನಿಂದ ಜಾರಿಯಲ್ಲಿರುವ ಮುಕ್ತ ವ್ಯಾಪಾರ ಒಪ್ಪಂದದಡಿ ಶ್ರೀಲಂಕಾಕ್ಕೆ ಇನ್ನೊಂದು. ಇಂಡೊನೇಷ್ಯಾದ ಅಡಿಕೆ ಶ್ರೀಲಂಕಾದಲ್ಲೇ ಬೆಳೆದದ್ದೆಂಬ ಮೂಲ ಪ್ರಮಾಣಪತ್ರ ಹೊತ್ತು ಬಂದ ಪ್ರಕರಣಗಳನ್ನು ತನಿಖಾ ಸಂಸ್ಥೆಗಳು ಹಿಡಿದಿರುವುದು ಈ ಬಾಗಿಲುಗಳ ಕಥೆಯೇ. ಸುಂಕವಿಲ್ಲದ ಕಡೆ ಸುಂಕ ಏರಿಸಿ ಪ್ರಯೋಜನವಿಲ್ಲವಾದ್ದರಿಂದ ಬೆಲೆಯನ್ನೇ ಗೋಡೆಯಾಗಿ ಕಟ್ಟಿದರು. 2017ರಲ್ಲಿ ಕಿಲೋಗೆ 251 ರೂಪಾಯಿ ಎಂದು ನಿಗದಿಯಾಯಿತು, 2023ರ ಫೆಬ್ರುವರಿಯಲ್ಲಿ ಅದನ್ನು 351ಕ್ಕೆ ಏರಿಸಿದರು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ನಿಷಿದ್ಧ.

ಈಗ ನಿಮ್ಮ ತೋಟದ ಲೆಕ್ಕಕ್ಕೇ ಬನ್ನಿ. ಈ 251 ಅಥವಾ 351 ಎಂಬುದು ಯಾವ ಅಡಿಕೆಯ ಬೆಲೆ? ಒಣಗಿದ, ಸುಲಿದ ಅಡಿಕೆಯದು. ನಿಮ್ಮ ತಾಲ್ಲೂಕಿನ ಹಸಿ ಅಡಿಕೆ ಟೆಂಡರಿನಲ್ಲಿ ಸಿಪ್ಪೆ ಸಹಿತ ಅಡಿಕೆಗೆ ಕಿಲೋಗೆ 251 ರೂಪಾಯಿ ಎಂದಾದರೂ ಆಗಿದೆಯೇ? ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹನ್ನೆರಡು ಹದಿಮೂರು ಕಿಲೋ ಸಿಗುತ್ತದೆ ಎಂದು ನಿಮ್ಮಂಥ ಬೆಳೆಗಾರರೇ ಹೇಳುತ್ತೀರಿ. ಅಂದಮೇಲೆ ಒಣ ಅಡಿಕೆಗೆ ಕಟ್ಟಿದ ಬೆಲೆಯನ್ನು ಸಿಪ್ಪೆ ಸಹಿತ ಹಸಿ ಅಡಿಕೆಗೂ ಕಿಲೋ ಲೆಕ್ಕದಲ್ಲಿ ಅನ್ವಯಿಸಿದರೆ ಅದು ನಿರ್ಬಂಧವಾಗುವುದಿಲ್ಲ, ಸಂಪೂರ್ಣ ಬಾಗಿಲು ಹಾಕಿದಂತೆಯೇ ಆಗುತ್ತದೆ. ಸಮ್ತ್ಸೆ, ಸರ್ಪಾಂಗ್ ಜಿಲ್ಲೆಗಳ ಭೂತಾನಿ ರೈತನ ಅಡಿಕೆ ಗಡಿಯ ಈಚೆ ಬಂದು ಮಾರಾಟವಾಗುವ ದಾರಿ 2017ರಿಂದ ಹೀಗೆ ಮುಚ್ಚಿಹೋಗಿತ್ತು. 2022ರ ವಿನಾಯಿತಿಯಲ್ಲಿ ‘ಹಸಿ’ ಎಂಬ ಪದ ಇರುವುದು ಇದೇ ಕಾರಣಕ್ಕೆ. ಒಣ ಅಡಿಕೆಗೆ ಭೂತಾನಕ್ಕೂ ವಿನಾಯಿತಿ ಇಲ್ಲ.

ಭೂತಾನಕ್ಕೇ ಏಕೆ ಎಂದರೆ, ಆ ದೇಶದೊಡನೆ ನಮ್ಮ ವ್ಯಾಪಾರ ನಡೆಯುವುದು ಸಾಫ್ಟಾದ ಆಸರೆಯಲ್ಲಲ್ಲ, ಪ್ರತ್ಯೇಕ ಒಪ್ಪಂದದಡಿಯಲ್ಲಿ. 1972ರಲ್ಲಿ ಮೊದಲು ಸಹಿಯಾದ ವ್ಯಾಪಾರ, ವಾಣಿಜ್ಯ ಮತ್ತು ಸಾಗಣೆ ಒಪ್ಪಂದವನ್ನು ಕಾಲಕಾಲಕ್ಕೆ ನವೀಕರಿಸುತ್ತ ಬಂದಿದ್ದಾರೆ. ಈಗಿನದು 2016ರ ನವೆಂಬರ್‌ನಲ್ಲಿ ಸಹಿಯಾಗಿ 2017ರ ಜುಲೈ 29ರಿಂದ ಜಾರಿಗೆ ಬಂದದ್ದು. ಎರಡೂ ದೇಶಗಳ ಸರಕಿಗೆ ಪರಸ್ಪರ ಸುಂಕವಿಲ್ಲ, ವಹಿವಾಟು ರೂಪಾಯಿ ಮತ್ತು ಭೂತಾನದ ನಾಣ್ಯವಾದ ಙುಲ್ಟ್ರಮ್‌ನಲ್ಲಿ, ಎರಡರ ಬೆಲೆಯೂ ಸಮ. 2023ರ ಡಿಸೆಂಬರ್‌ನಲ್ಲಿ ಭೂತಾನ ಅತಿ ಕಡಿಮೆ ಅಭಿವೃದ್ಧಿ ಹೊಂದಿದ ದೇಶಗಳ ಪಟ್ಟಿಯಿಂದ ಹೊರಬಂದಿದೆ. ‘ಇನ್ನು ಅವರಿಗೆ ಸುಂಕ ಬೀಳುತ್ತದೆ’ ಎಂದು ನಮ್ಮ ಕಡೆ ಕೆಲವರು ಲೆಕ್ಕ ಹಾಕಿದ್ದರು. ದ್ವಿಪಕ್ಷೀಯ ಒಪ್ಪಂದ ಇರುವವರೆಗೆ ಆ ಲೆಕ್ಕ ನಡೆಯದು.

ಪರವಾನಗಿಗಳ ವಿಷಯ. ತರುವವನಿಗೆ ಮೊದಲು ಆಮದು ರಫ್ತು ಸಂಕೇತ ಸಂಖ್ಯೆ, ಅಂದರೆ ಐಇಸಿ ಇರಬೇಕು. ಎರಡನೆಯದಾಗಿ ಈ 17,000 ಟನ್ನಿನ ಪಾಲಿಗಾಗಿ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ನೋಂದಣಿ ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ ಬಂದ ಲಾರಿಗೆ ಬೆಲೆಯ ನಿರ್ಬಂಧ ಮಾಮೂಲಿನಂತೆಯೇ ಬೀಳುತ್ತದೆ. ಮೂರನೆಯದಾಗಿ ಸರಕು ಅಧಿಸೂಚನೆಯಲ್ಲಿ ಹೆಸರಿಸಿದ ಭೂಗಡಿ ಸುಂಕ ಠಾಣೆಯಿಂದಲೇ ಬರಬೇಕು. 2022ರ ಅಧಿಸೂಚನೆಯಲ್ಲಿ ಹೆಸರಿಸಿದ್ದು ಪಶ್ಚಿಮ ಬಂಗಾಳದ ಜಯಗಾಂವ್. ಇದಲ್ಲದೆ ಭೂತಾನದ ಮೂಲ ಪ್ರಮಾಣಪತ್ರ, ಅಲ್ಲಿನ ಕೃಷಿ ಅಧಿಕಾರಿಗಳ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಲ್ಲಿ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ತಪಾಸಣೆ, ಆಹಾರ ಸುರಕ್ಷತೆಯ ಒಪ್ಪಿಗೆ, ಕೊನೆಗೆ ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ, ಅಂದರೆ ಬಿಲ್ ಆಫ್ ಎಂಟ್ರಿ. ಲಾರಿ ತೆಗೆದುಕೊಂಡು ಹೋಗಿ ತುಂಬಿಸಿಕೊಂಡು ಬರುವ ಕೆಲಸ ಇದಲ್ಲ.

ಪ್ರಮಾಣವನ್ನೂ ಒಮ್ಮೆ ಒಣ ಅಡಿಕೆಗೆ ಇಳಿಸಿ ನೋಡಿ. 17,000 ಟನ್ ಹಸಿ ಎಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಯ ಲೆಕ್ಕದಲ್ಲಿ 2,200 ಟನ್ ಆಸುಪಾಸು. ದೇಶದ ವಾರ್ಷಿಕ ಉತ್ಪಾದನೆ ಹತ್ತು ಲಕ್ಷ ಟನ್ನಿಗೂ ಮೇಲಿದೆ, ಅದರ ದೊಡ್ಡ ಪಾಲು ಕರ್ನಾಟಕದ್ದೇ. ಈ ಅಡಿಕೆಯಿಂದ ಶಿರಸಿಯ ಪೇಟೆ ಬಿದ್ದಿತೆಂದು ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.


ಕೊನೆಗೌಡ, ತೀರ್ಥಹಳ್ಳಿ

ಬಂದರುರಸ್ತೆಯವರು ಕಾಗದದ ಕ್ರಮವನ್ನು ಚೆನ್ನಾಗಿ ವಿವರಿಸಿದ್ದಾರೆ, ಅದಕ್ಕೆ ಧನ್ಯವಾದಗಳು. ಆದರೆ ಕೊನೆಯ ಪ್ಯಾರಾದಲ್ಲಿ ಅವರು ಮಾಡಿದ ಲೆಕ್ಕವು ಕಚೇರಿಯಲ್ಲಿ ಕೂತು ಮಾಡಿದ ಲೆಕ್ಕವೆಂದು ವಿನಯದಿಂದಲೇ ಹೇಳಬೇಕಾಗಿದೆ.

ಪೇಟೆಯಲ್ಲಿ ಬೆಲೆ ಬೀಳಲು ಅಡಿಕೆ ಬರಲೇಬೇಕೆಂದಿಲ್ಲ, ಬರುತ್ತದೆಯಂತೆ ಎಂಬ ಸುದ್ದಿ ಸಾಕು. ಆ ಅಧಿಸೂಚನೆ ಹೊರಟದ್ದು ಸೆಪ್ಟೆಂಬರ್ ಕೊನೆಯಲ್ಲಿ. ನಮ್ಮಲ್ಲಿ ಮೊದಲ ಕೊಯ್ಲು ಶುರುವಾಗುವ, ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿಯುವ ಖೇಣಿದಾರರು ತೋಟ ತೋಟ ಸುತ್ತಿ ಮಾತು ಮುಗಿಸುವ ಹೊತ್ತು ಅದು. ನಮ್ಮ ಮನೆಯ ಅಂಗಳದಲ್ಲಿ ಕೂತ ಖೇಣಿದಾರ ಮೊಬೈಲಿನಲ್ಲಿ ಆ ಸುದ್ದಿ ತೋರಿಸಿಯೇ ಕ್ವಿಂಟಲ್‌ಗೆ ತನ್ನ ಮಾತನ್ನು ಇಳಿಸಿದ. ಅವನಿಗೆ ಜಯಗಾಂವ್ ಎಲ್ಲಿದೆ ಎಂದೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಒಂದು ವರ್ಷದ ಖೇಣಿ ಆ ಸಂಜೆಯೇ ಮುಗಿದುಹೋಯಿತು. ಅಧಿಸೂಚನೆಯನ್ನು ಫೆಬ್ರುವರಿಯಲ್ಲಿ ಹೊರಡಿಸಿದ್ದರೆ ಭೂತಾನದ ರೈತನಿಗೆ ಏನು ನಷ್ಟವಾಗುತ್ತಿತ್ತು?

ಇನ್ನೊಂದು ಮಾತು. 2,200 ಟನ್ ಎಂಬುದು ಪ್ರಾಮಾಣಿಕವಾಗಿ ಬಂದ ಅಡಿಕೆಯ ಲೆಕ್ಕ. ಮ್ಯಾನ್ಮಾರ್‌ನಿಂದ ಮಿಜೋರಾಂ ಮೂಲಕ ನುಸುಳುವ ಒಣ ಅಡಿಕೆಗೆ ಅಲ್ಲಿನ ಬೆಳೆಗಾರರೇ ಬೀದಿಗಿಳಿದು ವಿರೋಧ ಮಾಡಿದ್ದನ್ನು ನಾವು ಓದಿದ್ದೇವೆ. ಹಾಗೆ ಬಂದ ಅಡಿಕೆಗೆ ಮುಂದೆ ಸಾಗಲು ಒಂದು ಹುಟ್ಟೂರು ಬೇಕು. ‘ಇದು ಭೂತಾನದಿಂದ ಸರಿಯಾದ ದಾರಿಯಲ್ಲಿ ಬಂದದ್ದು, ಇಲ್ಲಿ ಒಣಗಿಸಿದ್ದೇವೆ’ ಎಂದು ಹತ್ತು ಟನ್ನಿನ ಹಸಿ ಅಡಿಕೆಯ ಕಾಗದ ಹಿಡಿದು ಹತ್ತು ಟನ್ ಒಣ ಅಡಿಕೆ ಸಾಗಿಸಿದರೆ ನಾಗಪುರದ ಪೇಟೆಯಲ್ಲಿ ಕೇಳುವವರು ಯಾರು? ನನಗೆ ಭೂತಾನದ ಅಡಿಕೆಯ ಭಯವಿಲ್ಲ, ಅದರ ಜೊತೆ ಬರುವ ಕಾಗದದ ಭಯ.

ಸಿಪ್ಪೆ ಸಹಿತ ಹಸಿ ಅಡಿಕೆ ಎಂದರೆ ರೋಗ ಬರುವ ದಾರಿಯೂ ಹೌದು. ಕೊಳೆ, ಎಲೆಚುಕ್ಕಿ ಎರಡರಿಂದಲೂ ತೋಟ ಸೊರಗಿರುವ ಸಮಯದಲ್ಲಿ ಆ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನು ಮುದ್ರೆಗಷ್ಟೇ ಸೀಮಿತಗೊಳಿಸಬಾರದು.


ಬಂದರುರಸ್ತೆ, ಮಂಗಳೂರು

ಕೊನೆಗೌಡರೇ, ಸುದ್ದಿಯಿಂದ ಬೆಲೆ ಬೀಳುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಒಪ್ಪುತ್ತೇನೆ. ಸಮಯದ ಬಗ್ಗೆ ನೀವು ಹೇಳಿದ್ದೂ ಸರಿ.

ಆದರೆ ಹತ್ತು ಟನ್ನಿನ ಪ್ರಶ್ನೆಗೆ ಉತ್ತರವಿದೆ, ಅದನ್ನು ಬಳಸುವವರು ಬೇಕು. ಹಸಿ ಅಡಿಕೆಗೆ ಜಿಎಸ್‌ಟಿ ಇಲ್ಲ, ಒಣ ಅಡಿಕೆಗೆ ಶೇ 5 ಇದೆ. ಹಸಿ ಅಡಿಕೆ ಆಮದು ಮಾಡಿಕೊಂಡವನು ಅದನ್ನು ಒಣಗಿಸಿ ಮಾರಿದ ಕ್ಷಣದಲ್ಲಿ ತೆರಿಗೆಯ ದರ ಬದಲಾಗುತ್ತದೆ, ಸಾಗಣೆಯ ಇ-ವೇ ಬಿಲ್ಲಿನಲ್ಲಿ ಸರಕಿನ ವಿವರಣೆ ಬದಲಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ತೂಕ ಬದಲಾಗುತ್ತದೆ. ಒಬ್ಬನ ಹೆಸರಿನ ನೋಂದಣಿ ಪ್ರಮಾಣಪತ್ರದಲ್ಲಿ ನೂರು ಟನ್ ಹಸಿ ಅಡಿಕೆ ಇದ್ದರೆ ಅವನ ಗೋದಾಮಿನಿಂದ ಒಣ ಅಡಿಕೆಯಾಗಿ ಹೊರಡಬಹುದಾದದ್ದು ಹದಿಮೂರು ಟನ್. ಹಣ್ಣಡಿಕೆ ಒಣಗಿಸಿ ಚಾಲಿ ಮಾಡಿದರೂ ಇಪ್ಪತ್ತರ ಒಳಗೆ. ಇದನ್ನು ಹಿಡಿಯಲು ಗಡಿಯಲ್ಲಿ ಸೈನ್ಯ ಬೇಡ. ಎರಡು ಇಲಾಖೆಗಳ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಗುಮಾಸ್ತನೊಬ್ಬ ಬೇಕು. ನಿಮ್ಮ ಸಂಘಗಳು ದೆಹಲಿಗೆ ಕೊಡುವ ಮನವಿಯಲ್ಲಿ ‘ಭೂತಾನ ಅಡಿಕೆ ನಿಲ್ಲಿಸಿ’ ಎಂದು ಬರೆಯುವ ಬದಲು ‘ಹಸಿ ಒಣ ತೂಕದ ಅನುಪಾತವನ್ನು ನಿಗದಿಪಡಿಸಿ, ಆಮದುದಾರನ ಮಾರಾಟವನ್ನು ಅದರೊಡನೆ ತಾಳೆ ನೋಡಿ’ ಎಂದು ಬರೆದರೆ ಅದನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ. ನಿಲ್ಲಿಸಿ ಎಂದರೆ ವಿದೇಶಾಂಗ ವ್ಯವಹಾರದ ಮಾತು ಬಂದು ಕಡತ ಅಲ್ಲಿಗೇ ಕೂರುತ್ತದೆ.

ಮೂಲದ ಬಗ್ಗೆ 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳೂ ಇವೆ. ಒಪ್ಪಂದಗಳ ಅಡಿಯಲ್ಲಿ ಸುಂಕ ವಿನಾಯಿತಿ ಕೇಳುವ ಆಮದುದಾರನು ಪ್ರಮಾಣಪತ್ರ ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ, ಸರಕು ನಿಜವಾಗಿ ಅದೇ ದೇಶದ್ದು ಎಂಬುದಕ್ಕೆ ಆಧಾರಗಳನ್ನು ತಾನೇ ಇಟ್ಟುಕೊಂಡಿರಬೇಕು, ಕೇಳಿದಾಗ ಕೊಡಬೇಕು.

ನನ್ನ ದೃಷ್ಟಿಯಲ್ಲಿ ಬೆಳೆಗಾರರು ಹೆಚ್ಚು ಗಮನಿಸಬೇಕಾದದ್ದು ಬೇರೆ ಎರಡು ಕಿಂಡಿಗಳನ್ನು. 2023ರ ಅಧಿಸೂಚನೆಯಲ್ಲೇ ಶೇ 100 ರಫ್ತು ಘಟಕಗಳಿಗೆ, ವಿಶೇಷ ಆರ್ಥಿಕ ವಲಯಗಳಿಗೆ, ಮುಂಗಡ ಪರವಾನಗಿಯಡಿ ತರುವವರಿಗೆ ಬೆಲೆಯ ನಿರ್ಬಂಧ ಅನ್ವಯಿಸುವುದಿಲ್ಲ ಎಂದು ಬರೆದಿದೆ. ಅಲ್ಲಿಗೆ ಬಂದ ಅಡಿಕೆ ಸಂಸ್ಕರಣೆಯಾಗಿ ಮತ್ತೆ ಹೊರದೇಶಕ್ಕೆ ಹೋಗಬೇಕು, ಹೋಗುತ್ತದೆಯೇ ಎಂದು ನೋಡುವುದು ಬೇರೆ ಮಾತು. ಇನ್ನೊಂದು, ‘ಹುರಿದ ಅಡಿಕೆ’ ಎಂದು ಬೇರೆ ಶೀರ್ಷಿಕೆಯಡಿ ತರುತ್ತಿದ್ದ ದಾರಿ. ಹುರಿದದ್ದು ಕಚ್ಚಾ ಅಡಿಕೆಯಲ್ಲ ಎಂಬ ವಾದದ ಮೇಲೆ ಅದು ನಡೆಯುತ್ತಿತ್ತು, 2025ರ ಏಪ್ರಿಲ್‌ನಲ್ಲಿ ಅದನ್ನೂ 351 ರೂಪಾಯಿಯ ನಿಯಮದೊಳಗೆ ತಂದರು. ಒಂದು ಕಿಂಡಿ ಮುಚ್ಚಲು ವರ್ಷಗಳೇ ಹಿಡಿದವು.

ಬೆಲೆಯ ಗೋಡೆಗೇ ಒಂದು ದೌರ್ಬಲ್ಯವಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸುಂಕವಿಲ್ಲದ ದಾರಿಯಲ್ಲಿ ಬರುವವನು ನೂರೈವತ್ತರ ಸರಕಿಗೆ 351 ಎಂದು ಬಿಲ್ಲು ಮಾಡಿಸಿದರೆ ಅವನಿಗೆ ಒಂದು ರೂಪಾಯಿ ಸುಂಕವೂ ಹೆಚ್ಚಾಗುವುದಿಲ್ಲ. ಹೆಚ್ಚುವರಿ ಹಣ ಗಡಿಯಾಚೆ ಹೋಗಿ ಬೇರೆ ದಾರಿಯಲ್ಲಿ ಹಿಂದಿರುಗುತ್ತದೆ. ಸಾಮಾನ್ಯವಾಗಿ ಬೆಲೆ ಕಡಿಮೆ ತೋರಿಸುವವರನ್ನು ಹಿಡಿದು ಅಭ್ಯಾಸವಿರುವ ಅಧಿಕಾರಿಗಳಿಗೆ ಹೆಚ್ಚು ತೋರಿಸುವವನನ್ನು ಹಿಡಿಯುವುದು ಕಷ್ಟವೇ.


ಮೆಣಸಿನಬಳ್ಳಿ, ಸಕಲೇಶಪುರ

ಕೊನೆಯ ಮಾತಿಗೆ ಒಂದು ಸಣ್ಣ ಸಾಕ್ಷಿ. ಕಾಳುಮೆಣಸಿಗೆ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂದಾಗ ನಾವು ಹಬ್ಬ ಮಾಡಿದ್ದೆವು. ಶ್ರೀಲಂಕಾದಿಂದ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು, ಅದರ ಆಚೆಗೂ ಕಡಿಮೆ ಸುಂಕದ ದಾರಿಯಿದೆ. ವಿಯೆಟ್ನಾಮಿನ ಮೆಣಸು ಆ ದ್ವೀಪ ಮುಟ್ಟಿ ಇಲ್ಲಿಗೆ ಬರುತ್ತಿದೆ ಎಂಬುದೇ ನಮ್ಮ ದೂರಾಗಿತ್ತು. 500 ಎಂದು ಕಟ್ಟಿದ ಮೇಲೆ ಬಂದ ಮೆಣಸೆಲ್ಲ ಕಾಗದದಲ್ಲಿ 500ಕ್ಕೆ ಮೇಲೆಯೇ ಇತ್ತು, ನಮ್ಮ ಮನೆಯ ಮೆಣಸು ಮಾತ್ರ ಬಹುಕಾಲ ಅದಕ್ಕಿಂತ ಎಷ್ಟೋ ಕೆಳಗೆ ಮಾರಾಟವಾಯಿತು. ಆದ್ದರಿಂದ ಬೆಲೆ ಏರಿಸಿ ಎಂದು ಕೇಳುವಾಗ ತೂಕ ಮತ್ತು ಮೂಲದ ತಪಾಸಣೆಯನ್ನೂ ಕೇಳಬೇಕೆಂಬ ಬಂದರುರಸ್ತೆಯವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.


ಪುನಾತ್ಸಂಗ್‌ಚು ನಿವೃತ್ತ, ದಾವಣಗೆರೆ

ಸೋಗೆಮನೆಯವರ ಮೂರನೆಯ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಭೂತಾನದ ಜಲವಿದ್ಯುತ್ ಯೋಜನೆಯೊಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ.

ಮೊದಲು ಹೋಗುವ ವಿಷಯ. ಭಾರತೀಯರಿಗೆ ವೀಸಾ ಬೇಡ, ಆದರೆ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ತೋರಿಸಬೇಕು. ಆಧಾರ್ ಕಾರ್ಡ್ ಹಿಡಿದು ಹೋಗಿ ಗಡಿಯಲ್ಲಿ ಪರದಾಡಿದವರನ್ನು ನಾನೇ ನೋಡಿದ್ದೇನೆ, ದಯವಿಟ್ಟು ಆ ತಪ್ಪು ಮಾಡಬೇಡಿ. ರೈಲಿನಲ್ಲಿ ಹೋಗುವವರು ಹಾಸಿಮಾರದಲ್ಲಿ ಇಳಿಯಬೇಕು, ಅಲ್ಲಿಂದ ಜಯಗಾಂವ್‌ಗೆ ರಸ್ತೆಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್. ಜಯಗಾಂವ್ ಮತ್ತು ಭೂತಾನದ ಫುಂಟ್‌ಶೋಲಿಂಗ್ ಒಂದೇ ಊರಿನ ಎರಡು ಓಣಿಗಳಂತಿವೆ, ನಡುವೆ ಒಂದು ದ್ವಾರ. ದ್ವಾರ ದಾಟಿದರೆ ಗಡಿಯಾರ ಅರ್ಧ ಗಂಟೆ ಮುಂದೆ ಹೋಗುತ್ತದೆ. ಕಚೇರಿ ಮುಚ್ಚುವ ಹೊತ್ತಿನ ಲೆಕ್ಕದಲ್ಲಿ ಇದನ್ನು ಮರೆತು ನಾನು ಒಂದು ಇಡೀ ದಿನ ಕಳೆದುಕೊಂಡಿದ್ದೇನೆ.

2022ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ಗಾಗಿ ಮುಚ್ಚಿದ್ದ ಗಡಿ ಮತ್ತೆ ತೆರೆದಾಗಿನಿಂದ ಭಾರತೀಯ ಪ್ರವಾಸಿಗರಿಗೆ ರಾತ್ರಿಯೊಂದಕ್ಕೆ ತಲಾ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕವಿದೆ. ಗಡಿಯ ಪಟ್ಟಣಕ್ಕೆ ಹಗಲಿನಲ್ಲಿ ಹೋಗಿ ಹಿಂದಿರುಗುವವರಿಗೆ ಅದು ಇಲ್ಲ. ರಿಂಚೆಂಡಿಂಗ್ ತಪಾಸಣಾ ಠಾಣೆ ದಾಟಿ ಮೇಲಕ್ಕೆ ಹೋಗುವಾಗ ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಸ್ವಂತ ಗಾಡಿ ತೆಗೆದುಕೊಂಡು ಹೋಗುವ ಯೋಚನೆ ಬಿಡಿ, ಪ್ರವಾಸಿ ವಾಹನಕ್ಕೆ ದಿನದ ಶುಲ್ಕವೇ 4,500.

ಆದರೆ ನೀವು ಪ್ರವಾಸಿಗಳಾಗಿ ಹೋಗಿ ಯಂತ್ರ ತೋರಿಸುತ್ತ ತಿರುಗುವುದು ಸರಿಯಾದ ಕ್ರಮವಲ್ಲ. ವ್ಯವಹಾರಕ್ಕಾಗಿ ಬರುವವರನ್ನು ಅಲ್ಲಿನ ನೋಂದಾಯಿತ ಸಂಸ್ಥೆಯೊಂದು ಕರೆಸಿಕೊಳ್ಳಬೇಕು, ಪರವಾನಗಿಯ ಅರ್ಜಿಯನ್ನು ಅವರೇ ಹಾಕುತ್ತಾರೆ. ಅಲ್ಲಿ ಅಂಗಡಿ ಇಟ್ಟು ಚಿಲ್ಲರೆಯಾಗಿಯೋ ಸಗಟಾಗಿಯೋ ಮಾರುವ ಹಕ್ಕು ಭೂತಾನಿ ಪ್ರಜೆಗಳಿಗಷ್ಟೇ ಮೀಸಲು. ಆದ್ದರಿಂದ ನಿಮ್ಮ ಯಂತ್ರವನ್ನು ಅಲ್ಲಿನ ವ್ಯಾಪಾರ ಪರವಾನಗಿ ಇರುವವನೊಬ್ಬ ಕೊಂಡು ಆಮದು ಮಾಡಿಕೊಳ್ಳಬೇಕು, ನೀವು ಮಾರುವುದು ಅವನಿಗೆ.

ನಿಮ್ಮ ಕಡೆಯಿಂದ ಬೇಕಾದದ್ದು ಹೆಚ್ಚೇನಿಲ್ಲ. ಐಇಸಿ ಮಾಡಿಸಿಕೊಳ್ಳಿ. ಜಿಎಸ್‌ಟಿಯಲ್ಲಿ ಮುಚ್ಚಳಿಕೆ ಪತ್ರ, ಎಲ್ಲರೂ ಎಲ್‌ಯುಟಿ ಎನ್ನುವುದು, ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಭೂಮಾರ್ಗದ ರಫ್ತಿಗೆ ಕಸ್ಟಮ್ಸ್ ಘೋಷಣಾ ಪತ್ರವಾದ ಬಿಲ್ ಆಫ್ ಎಕ್ಸ್‌ಪೋರ್ಟ್ ಬೇಕಾಗುತ್ತದೆ, ಜಯಗಾಂವ್‌ನ ಏಜೆಂಟರು ಅದನ್ನು ಮಾಡಿಕೊಡುತ್ತಾರೆ. ಹಣ ರೂಪಾಯಿಯಲ್ಲೇ ಬರುವುದರಿಂದ ಡಾಲರಿನ ತಲೆನೋವಿಲ್ಲ.

ಕೊಂಡುಕೊಳ್ಳುತ್ತಾರೆಯೇ ಎಂಬುದು ಮಾತ್ರ ನನಗೆ ಸಂಶಯ. ಅದಕ್ಕೆ ಕಾರಣ ಹೇಳುತ್ತೇನೆ. ಭೂತಾನದಲ್ಲಿ ಅಡಿಕೆಯನ್ನು ತಿನ್ನುವ ಕ್ರಮವೇ ಬೇರೆ. ಅವರ ‘ದೋಮ’ ಎಂದರೆ ಹಸಿ ಅಥವಾ ಹುಳಿಯಿಸಿದ ಅಡಿಕೆ, ವೀಳ್ಯದೆಲೆ ಮತ್ತು ಸುಣ್ಣ. ಸಿಪ್ಪೆ ಸಹಿತ ಅಡಿಕೆಯನ್ನು ಕೊಳೆಹಾಕಿ ಇಡುತ್ತಾರೆ, ಆಮೇಲೆ ಬಿಡಿಸಿದಾಗ ಬರುವ ವಾಸನೆಯನ್ನು ನಾನು ಆರು ವರ್ಷದಲ್ಲಿ ಅಭ್ಯಾಸ ಮಾಡಿಕೊಳ್ಳಲಾಗಲಿಲ್ಲ. ಅಸ್ಸಾಮಿನ ತಾಮೂಲ್, ಮೇಘಾಲಯದ ಕ್ವಾಯ್ ಕೂಡ ಇದೇ ಬಳಗದವು. ಅಲ್ಲಿ ಚಾಲಿ ಸುಲಿಯುವ ಕೆಲಸ ನಮ್ಮಲ್ಲಿದ್ದಷ್ಟು ಇಲ್ಲ, ತಿನ್ನುವಾಗ ಒಂದೊಂದನ್ನೇ ಚೂರಿಯಲ್ಲಿ ಬಿಡಿಸುತ್ತಾರೆ. ಬಂದರುರಸ್ತೆಯವರು ಹೇಳಿದ ಆ 17,000 ಟನ್ನಿನಲ್ಲಿ ಒಂದು ಪಾಲು ಅಸ್ಸಾಂ, ಬಂಗಾಳದ ಬಾಯಿಗೆ ಹಸಿಯಾಗಿಯೇ ಹೋಗುವುದೆಂದು ನನ್ನ ಅಂದಾಜು. ನಮ್ಮ ರಾಶಿ ಅಡಿಕೆ ಕೊಳ್ಳುವ ಕಾನ್ಪುರದವನು ಅದನ್ನು ಮುಟ್ಟುವುದಿಲ್ಲ.

ಉಳಿದ ಪಾಲನ್ನು ಸುಲಿದು ಬೇಯಿಸುವವರು ಗಡಿಯ ಈಚೆ, ಉತ್ತರ ಬಂಗಾಳದಲ್ಲಿದ್ದಾರೆ. ಫಾಲಾಕಾಟಾ ಕಡೆ ಅಡಿಕೆ ವ್ಯಾಪಾರ ದೊಡ್ಡದು. ನಿಮ್ಮ ಯಂತ್ರಕ್ಕೆ ಗಿರಾಕಿ ಇದ್ದರೆ ಅಲ್ಲಿದ್ದಾರೆ, ಅಲ್ಲಿಗೆ ಮಾರಲು ಯಾವ ದೇಶದ ಪರವಾನಗಿಯೂ ಬೇಡ, ಒಂದು ಜಿಎಸ್‌ಟಿ ಬಿಲ್ಲು ಮತ್ತು ಇ-ವೇ ಬಿಲ್ಲು ಸಾಕು.


ಕೊನೆಗೌಡ, ತೀರ್ಥಹಳ್ಳಿ

ಭೂತಾನದ ಅಡಿಕೆ ಸುಲಿಯಲು ನಮ್ಮ ಜಿಲ್ಲೆಯ ಪಕ್ಕದವರೇ ಯಂತ್ರ ಕೊಡುವುದೇ? ಇದು ತಮಾಷೆಗೆ ಹೇಳಿದ್ದು, ಸೋಗೆಮನೆಯವರು ಬೇಸರಿಸಬಾರದು. ಆದರೂ ನಮ್ಮ ಸಂಘದ ಸಭೆಯಲ್ಲಿ ಈ ಮಾತು ಬಂದರೆ ನಗುವವರು ಕಡಿಮೆ ಇರುತ್ತಾರೆ.

ತೂಕದ ಅನುಪಾತದ ವಿಚಾರವನ್ನು ನಾನು ಬರೆದಿಟ್ಟುಕೊಂಡಿದ್ದೇನೆ. 1970ರ ದಶಕದ ಆರಂಭದಲ್ಲಿ ಬೆಲೆ ಕುಸಿದಾಗ ಕರ್ನಾಟಕ, ಕೇರಳದ ಬೆಳೆಗಾರರು ಒಟ್ಟಾಗಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಈಗಿನ ಮನವಿಯೂ ಎರಡೂ ರಾಜ್ಯದ ಬೆಳೆಗಾರರಿಂದ, ಸಾಧ್ಯವಾದರೆ ಮಿಜೋರಾಂ ಮತ್ತು ಅಸ್ಸಾಮಿನ ಬೆಳೆಗಾರರಿಂದಲೂ ಒಟ್ಟಾಗಿ ಹೋಗಬೇಕು. ಕಳ್ಳದಾರಿಯ ಅಡಿಕೆಯಿಂದ ಮೊದಲು ಪೆಟ್ಟು ತಿನ್ನುವವರು ಅವರೇ. ಬಂದರುರಸ್ತೆಯವರು ಮನವಿಯ ಕರಡನ್ನು ಒಮ್ಮೆ ನೋಡಿಕೊಡಲು ಒಪ್ಪಿದರೆ ಉಪಕಾರವಾಗುತ್ತದೆ.


ಸೋಗೆಮನೆ, ಸಿದ್ದಾಪುರ

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ವರ್ಷದಿಂದ ಕೇಳುತ್ತಿದ್ದ ಪ್ರಶ್ನೆಗೆ ನಮ್ಮದೇ ಹಸಿ ಅಡಿಕೆ ಟೆಂಡರಿನಲ್ಲಿ ಉತ್ತರವಿತ್ತು ಎಂಬುದನ್ನು ಓದಿ ಸ್ವಲ್ಪ ನಾಚಿಕೆಯೂ ಆಯಿತು. ಕಿಲೋಗೆ 251 ಎಂಬ ಬೇಲಿ ಸಿಪ್ಪೆ ಸಹಿತ ಅಡಿಕೆಗೆ ಹೇಗೆ ಹೊಂದುತ್ತದೆ ಎಂದು ನಾವು ಯಾರೂ ಯೋಚಿಸಿರಲಿಲ್ಲ. ಕೊನೆಗೌಡರ ಖೇಣಿಯ ಅನುಭವ ನಮ್ಮ ಊರಿನದೂ ಹೌದಾದ್ದರಿಂದ ಕೋಪ ಪೂರ್ತಿಯಾಗಿ ಹೋಗಿಲ್ಲ, ಆದರೆ ಅದು ಈಗ ಭೂತಾನದ ರೈತನ ಮೇಲಿಲ್ಲ.

ಯಂತ್ರದ ವಿಷಯದಲ್ಲಿ ಮನೆಯವರೊಡನೆ ಮಾತಾಡಿದೆವು. ಗಡಿ ದಾಟುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟು ದೀಪಾವಳಿ ಕಳೆದ ಮೇಲೆ ಇಬ್ಬರು ಫಾಲಾಕಾಟಾಕ್ಕೆ ಹೋಗಿಬರುವುದೆಂದು ತೀರ್ಮಾನಿಸಿದ್ದೇವೆ. ಅಷ್ಟು ದೂರ ಹೋದಮೇಲೆ ಒಂದು ಹಗಲು ಫುಂಟ್‌ಶೋಲಿಂಗ್ ನೋಡದೆ ಬರುವುದಿಲ್ಲ, ಅದಕ್ಕಾಗಿ ಮತದಾರರ ಚೀಟಿ ಹುಡುಕಿ ತೆಗೆದಿಟ್ಟಿದ್ದೇನೆ. ನಿವೃತ್ತರಿಗೆ ಒಂದು ಪ್ರಶ್ನೆ ಉಳಿದಿದೆ: ನಮ್ಮ ಯಂತ್ರ ಒಣಗಿದ ಚಾಲಿಗೆ ಹೊಂದಿಸಿದ್ದು. ಅಲ್ಲಿನ ಹಸಿ ಅಡಿಕೆಯ ಗಾತ್ರ ನಮ್ಮದಕ್ಕಿಂತ ದೊಡ್ಡದೇ, ಸಣ್ಣದೇ? ನೆನಪಿದ್ದರೆ ತಿಳಿಸಿ, ಬ್ಲೇಡಿನ ಅಂತರವನ್ನು ಹೊರಡುವ ಮೊದಲೇ ಬದಲಾಯಿಸಿಕೊಳ್ಳಬೇಕು.